24 ದಿನ, 38 ಬಾಕ್ಸ್: ಅವಸರದ ಮನೆ ರಿಪೇರಿಯಲ್ಲಿ ಸ್ವಿಚ್ ಬಾಕ್ಸ್ ಆರಿಸುವುದು ಹೇಗೆ?

ತಂಗಿಯ ಮದುವೆಗೆ ದಿನ ಗೊತ್ತಾದಾಗ ನಮ್ಮ ಕೈಯಲ್ಲಿ ಉಳಿದಿದ್ದು 24 ದಿನ. ಮದುವೆ ಛತ್ರದಲ್ಲಿ, ಆದರೆ ಚಪ್ಪರದ ಶಾಸ್ತ್ರ ಮನೆಯಲ್ಲೇ. ಮೈಸೂರಿನ ಈ ಮನೆ ಅಪ್ಪ 1986ರಲ್ಲಿ ಕಟ್ಟಿಸಿದ್ದು. ಮರದ ಬೋರ್ಡು, ಅದರ ಮೇಲೆ ಸ್ವಿಚ್ಚು ಕೂರಿಸುವ ಗಟ್ಟಿ ಹೈಲಂ ಶೀಟು, ಟಕ್ ಅಂತ ಸದ್ದು ಮಾಡುವ ಕಪ್ಪು ಸ್ವಿಚ್ಚುಗಳು, ಮೀಟರ್ ಪಕ್ಕ ಪಿಂಗಾಣಿ ಫ್ಯೂಸು. "ನೆಂಟರು ಬಂದ್ರೆ ಫೋನ್ ಚಾರ್ಜಿಗೆ ಹಾಕೋಕೆ ಒಂದು ಪ್ಲಗ್ಗಿಲ್ವಲ್ಲೋ" ಅಂತ ಅಮ್ಮ ಅಂದರು. ಸುಣ್ಣ ಬಣ್ಣ ಅಂತ ಶುರುವಾದದ್ದು ಗೋಡೆ ಒಡೆದು, ಸ್ವಿಚ್ಚು ಸಾಕೆಟ್ಟು ಕೂರಿಸುವ 38 ಬಾಕ್ಸ್ ಹೊಸದಾಗಿ ಹಾಕಿಸುವವರೆಗೆ ಬಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡನ್ನೂ ಒಂದೇ ತಿಂಗಳಲ್ಲಿ ಮಾಡುವವರಿಗೆ ಗಾದೆಯೇ ಇಲ್ಲ.

ಎಲೆಕ್ಟ್ರಿಕಲ್ ಅಂಗಡಿಗೆ ಹೋದರೆ ಮೊದಲು ಕೇಳುವುದು "ಮೆಟಲ್ ಬಾಕ್ಸ್ ಬೇಕಾ, ಪಿವಿಸಿ ಬೇಕಾ?" ಅಂತ. ನಾನೂ ಒಂದು ಸಂಜೆಯೆಲ್ಲ ಅದರಲ್ಲೇ ತಲೆ ಕೆಡಿಸಿಕೊಂಡೆ. ಅದು ಮೂರನೇ ಪ್ರಶ್ನೆ. ಮೊದಲನೆಯದು, ಇನ್ನು ಎಷ್ಟು ದಿನ ಇದೆ? ಎರಡನೆಯದು, ನಿಮ್ಮ ಗೋಡೆ ಯಾವುದರದ್ದು? ಇವೆರಡಕ್ಕೆ ಉತ್ತರ ಸಿಕ್ಕರೆ ಅಂಗಡಿಯವರಿಗೆ ಕೊಡುವ ಉತ್ತರ ತಾನಾಗಿ ಬರುತ್ತದೆ.

ಗೋಡೆ ಒಡೆಯಬೇಕಾ, ಬೇಡವಾ?

ಗೋಡೆಯೊಳಗೆ ಹುದುಗುವ ಕನ್ಸೀಲ್ಡ್ ಬಾಕ್ಸ್ ಒಂದು ದಾರಿ. ಗೋಡೆಯ ಮೇಲೆಯೇ ಕೂರುವ ಸರ್ಫೇಸ್ ಬಾಕ್ಸ್, ಅದಕ್ಕೆ ವೈರು ತರುವ ಪಿವಿಸಿ ಪಟ್ಟಿ ಇನ್ನೊಂದು ದಾರಿ. ಪಟ್ಟಿಯನ್ನು ಕೇಸಿಂಗ್ ಕ್ಯಾಪಿಂಗ್ ಅಂತ ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ.

ನೋಡಲು ಚೆಂದ ಯಾವುದು ಅಂತ ಕೇಳಿದರೆ ಕನ್ಸೀಲ್ಡ್, ಎರಡು ಮಾತಿಲ್ಲ. ಆದರೆ ಅದರ ಲೆಕ್ಕ ನೋಡಿ. ಗುರುತು ಹಾಕಿ ಗೋಡೆ ಕತ್ತರಿಸಲು ನಮಗೆ ಮೂರು ದಿನ ಆಯಿತು. ಪೈಪು, ಬಾಕ್ಸು ಕೂರಿಸಲು ಎರಡು ದಿನ. ಆಮೇಲೆ ಗಾರೆಯವರು ಬಂದು ಮುಚ್ಚಿ, ಅದಕ್ಕೆ ನೀರು ಹಾಕಿ, ಅದು ಒಣಗಿ, ಪುಟ್ಟಿ ಎರಡು ಕೈ, ಪ್ರೈಮರ್, ಬಣ್ಣ. ಎಲೆಕ್ಟ್ರಿಷಿಯನ್ ಕೈಕೆಲಸ ಐದಾರು ದಿನ, ಉಳಿದ ಎರಡು ವಾರ ಗೋಡೆ ಒಣಗುವುದನ್ನು ಕಾಯುವುದೇ ಕೆಲಸ. ಇಬ್ಬರು ಕೆಲಸದವರನ್ನು ಜಾಸ್ತಿ ಕರೆಸಿದರೆ ಕತ್ತರಿಸುವುದು ಬೇಗ ಮುಗಿಯುತ್ತದೆ. ಒಣಗುವುದು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಹಸಿ ಗಾರೆಯ ಮೇಲೆ ಬಣ್ಣ ಹೊಡೆಸಿದರೆ ಮದುವೆ ಫೋಟೋದಲ್ಲಿ ಬೋರ್ಡಿನ ಸುತ್ತ ತೇವದ ಕಲೆ ಕಾಣುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಮೂರು ವಾರ ಇದ್ದರೆ ಕನ್ಸೀಲ್ಡ್‌ಗೆ ಕೈ ಹಾಕಿ. ಎರಡು ವಾರಕ್ಕಿಂತ ಕಡಿಮೆ ಇದ್ದರೆ ಗೋಡೆ ಮುಟ್ಟಬೇಡಿ. ಸರ್ಫೇಸ್ ಬಾಕ್ಸ್ ಹಾಕಿಸಿ. ಡ್ರಿಲ್ಲು, ಸ್ಕ್ರೂ ಹಿಡಿಯುವ ಗೋಡೆ ಪ್ಲಗ್ಗು, ಸ್ಕ್ರೂ, ಅಷ್ಟೇ. ಒಂದು ರೂಮು ಒಂದು ದಿನದಲ್ಲಿ ಮುಗಿಯುತ್ತದೆ, ಧೂಳೂ ಕಡಿಮೆ. ನಡುವೆ ಸಿಕ್ಕಿಕೊಂಡವರು ಪಾಲು ಮಾಡಿಕೊಳ್ಳಬಹುದು. ನಾವು ಹಾಲು, ಅಡುಗೆಮನೆ, ಎರಡು ರೂಮಿಗೆ ಕನ್ಸೀಲ್ಡ್ ಮಾಡಿಸಿ, ಹಿತ್ತಲು, ಉಗ್ರಾಣ, ಮಹಡಿ ಮೆಟ್ಟಿಲಿಗೆ ಸರ್ಫೇಸ್ ಹಾಕಿಸಿದೆವು. ಉಗ್ರಾಣದ ಬೋರ್ಡನ್ನು ಯಾರು ನೋಡುತ್ತಾರೆ? ಬಾಡಿಗೆ ಮನೆಯವರಿಗಂತೂ ಸರ್ಫೇಸೇ ಸರಿ.

ಹಳೇ ಮನೆಯಲ್ಲಿ ಇನ್ನೊಂದು ದಾರಿಯೂ ಇದೆ, ಅದನ್ನು ಯಾಕೋ ಯಾರೂ ಹೇಳುವುದಿಲ್ಲ. ಹಳೇ ಬೋರ್ಡಿನ ಗುಂಡಿಯನ್ನೇ ಬಳಸಿಕೊಳ್ಳುವುದು. ಹಳೇ ಮರದ ಬೋರ್ಡುಗಳು ದೊಡ್ಡವು. ಅಷ್ಟೇ ಸ್ವಿಚ್ಚಿಗೆ ಮಾಡ್ಯುಲರ್ ಬಾಕ್ಸು ಅರ್ಧ ಜಾಗದಲ್ಲಿ ಕೂರುತ್ತದೆ. ಮರ ಕಿತ್ತು, ಆ ಗುಂಡಿಯೊಳಗೇ ಹೊಸ ಬಾಕ್ಸ್ ಇಟ್ಟು ಸುತ್ತ ಗಾರೆ ತುಂಬಿಸಿದರೆ ಹೊಸದಾಗಿ ಗೋಡೆ ಕತ್ತರಿಸುವ ಕೆಲಸವೇ ಇಲ್ಲ. ಹಳೇ ಪೈಪು ಕಟ್ಟಿಕೊಂಡಿಲ್ಲದಿದ್ದರೆ ಹೊಸ ವೈರು ಎಳೆಯಲೂ ಆಗುತ್ತದೆ. ನಮ್ಮ 38ರಲ್ಲಿ 11 ಹೀಗೆ ಆದವು. ಒಂದು ಬೋರ್ಡಿನ ಹಿಂದೆ ಮಾತ್ರ ಮರವೇ ಇರಲಿಲ್ಲ, ಬರೀ ಗೆದ್ದಲು. ಶೀಟಿನ ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡು ಪುಡಿಯಾಗಿ ಕೈಗೆ ಬಂತು.

ಗೋಡೆ ಯಾವುದು?

ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಸಣ್ಣ ಡ್ರಿಲ್ ಹಾಕಿ, ಬೀಳುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಕಪ್ಪು ಬೂದಿ ಬಣ್ಣ, ಡ್ರಿಲ್ಲು ಒದ್ದಾಡಿದರೆ ಸಿಮೆಂಟ್ ಬ್ಲಾಕ್. ಬೆಳ್ಳಗೆ ನಯವಾದ ಪುಡಿ, ಬೆಣ್ಣೆಯೊಳಗೆ ಹೋದಂತೆ ಹೋದರೆ ಎಎಸಿ ಬ್ಲಾಕ್, ಅಂದರೆ ಹಗುರದ ಬ್ಲಾಕ್.

ಇಟ್ಟಿಗೆ ಗೋಡೆ ಎಲ್ಲಕ್ಕಿಂತ ಸುಲಭ. ಉಳಿ ಸುತ್ತಿಗೆಗೂ ಬಗ್ಗುತ್ತದೆ, ಮೆಷಿನ್ನಿಗೂ ಬಗ್ಗುತ್ತದೆ. ತೀರಾ ಹಳೇ ಸುಣ್ಣದ ಗಾರೆಯ ಗೋಡೆಯಾದರೆ ಉಳಿಯ ಪೆಟ್ಟಿಗೆ ಅಕ್ಕಪಕ್ಕದ ಇಟ್ಟಿಗೆಗಳೂ ಸಡಿಲವಾಗುತ್ತವೆ. ಅಲ್ಲಿ ನಾಲ್ಕೂ ಬದಿಗೆ ಮೊದಲು ಮೆಷಿನ್ನಿನ ಗೆರೆ ಹಾಕಿಸಿ, ಆಮೇಲೆ ಒಳಗಿನದ್ದನ್ನು ನಿಧಾನವಾಗಿ ಕೆತ್ತಿಸಿ.

ಬೆಂಗಳೂರಿನ ಈಚಿನ ಮನೆಗಳಲ್ಲಿ ಒಳಗೋಡೆ ಹೆಚ್ಚಾಗಿ 4 ಇಂಚಿನ ಸಾಲಿಡ್ ಬ್ಲಾಕು. ಇದರ ಮೇಲೆ ಸುಮ್ನೆ ಸುತ್ತಿಗೆ ಬೀಸಿದರೆ ಬ್ಲಾಕು ಒಡೆಯುವ ಮುಂಚೆ ಗಾರೆ ಬಿಟ್ಟುಕೊಳ್ಳುತ್ತದೆ, ಆಚೆ ಬದಿಯ ಸಾರಣೆ ಸೀಳುತ್ತದೆ. ಕಟಿಂಗ್ ಮೆಷಿನ್ ಇಲ್ಲದೆ ಬರುವ ಕೆಲಸದವರನ್ನು ಒಳಗೆ ಬಿಡಬೇಡಿ. ಹಾಲೋ ಬ್ಲಾಕಿನ ತೊಂದರೆ ಬೇರೆ. ಮುಂದಿನ ಪದರ ಒಡೆದ ಕೂಡಲೇ ಒಳಗೆ ಪೊಳ್ಳು. ಬಾಕ್ಸಿನ ಹಿಂದೆ ಗಾರೆಗೆ ಆಸರೆಯೇ ಇಲ್ಲ. ಇಟ್ಟಿಗೆ ಚೂರು, ಗಾರೆ ತುಂಬಿ ಮೊದಲು ಹಿಂಬದಿ ಗಟ್ಟಿ ಮಾಡಿಕೊಂಡು ಮಾರನೇ ದಿನ ಬಾಕ್ಸ್ ಕೂರಿಸಬೇಕು.

ಎಎಸಿ ಬ್ಲಾಕಿಗೆ ಸುತ್ತಿಗೆಯೇ ಬೇಡ. ಕೈಗರಗಸ ಸಾಕು. ಕತ್ತರಿಸುವುದು ಸುಲಭ, ಬಾಕ್ಸನ್ನು ಗಟ್ಟಿಯಾಗಿ ಕೂರಿಸುವುದೇ ಕಷ್ಟ. ಅದು ನೀರು ಹೀರುತ್ತದೆ. ಒಣ ಗುಂಡಿಗೆ ಗಾರೆ ಹಾಕಿದರೆ ಗಾರೆಯ ನೀರನ್ನೆಲ್ಲ ಹೀರಿಕೊಂಡು ಅದನ್ನು ಪುಡಿ ಪುಡಿ ಮಾಡುತ್ತದೆ. ಪುಡಿ ಒರೆಸಿ, ಗುಂಡಿಗೆ ನೀರು ಚಿಮುಕಿಸಿ, ಆಮೇಲೆ ಹಾಕಿಸಿ. ಮೂರು ವರ್ಷದ ನಂತರ ಪ್ಲಗ್ ಎಳೆದಾಗ ಇಡೀ ಬಾಕ್ಸೇ ಕೈಗೆ ಬಂತು ಅನ್ನುವ ಕಥೆಗಳಲ್ಲಿ ಬಹುತೇಕ ಇದೇ ನಡೆದಿರುತ್ತದೆ.

ಕರಾವಳಿಯ ಕೆಂಪುಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಹಳೇ ಮನೆಯ ಕಲ್ಲು ಉಳಿಗೆ ಸರಿಯಾಗಿ ಸಿಗುವುದಿಲ್ಲ. ಅಂಚು ಕಳಚಿ 3 ಇಂಚಿನ ಗುಂಡಿ 5 ಇಂಚು ಆಗುತ್ತದೆ. ಗಾರೆ ಜಾಸ್ತಿ ಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಸೈಜುಗಲ್ಲಿನ ಗೋಡೆಯಾದರೆ ಚರ್ಚೆಯೇ ಬೇಡ, ಸರ್ಫೇಸ್. ಕಾಂಕ್ರೀಟ್ ಕಂಬ, ಬಾಗಿಲು ಕಿಟಕಿ ಮೇಲಿನ ಲಿಂಟಲ್‌ಗಳನ್ನಂತೂ ಯಾರು ಎಷ್ಟೇ ಧೈರ್ಯ ಹೇಳಿದರೂ ಕತ್ತರಿಸಲು ಬಿಡಬೇಡಿ. ಕಂಬಿ ಕಾಣಿಸಿತು ಅಂದರೆ ಅಲ್ಲಿಗೆ ನಿಲ್ಲಿಸಿ, ಬಾಕ್ಸನ್ನು ಒಂದಡಿ ಪಕ್ಕಕ್ಕೆ ಸರಿಸಿ.

ಪೈಪಿಗೆ ಹೊಡೆಯುವ ಗಾಡಿ, ಅಂದರೆ ಗೋಡೆಯಲ್ಲಿ ಕೊರೆಯುವ ಕಾಲುವೆ, ಅದರ ಆಳಕ್ಕೂ ಒಂದು ಮಿತಿ ಇದೆ. ಭಾರ ಹೊರುವ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಹೊಡೆದರೆ ಗೋಡೆ ದಪ್ಪದ ಮೂರನೇ ಒಂದು ಭಾಗ, ಅಡ್ಡಕ್ಕೆ ಹೊಡೆದರೆ ಆರನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಇಲ್ಲ. 9 ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಸಿಗುವುದು ಒಂದೂವರೆ ಇಂಚು. ಅದಕ್ಕೇ ಅಡ್ಡ ಗಾಡಿ ಆದಷ್ಟು ಬೇಡ. ಬಾಕ್ಸಿನಿಂದ ನೆಟ್ಟಗೆ ಮೇಲಕ್ಕೆ ಹೋಗಲಿ. ಸಮಯ ಉಳಿಸಲು ಓರೆಯಾಗಿ ಹೊಡೆಯುವವರೂ ಇದ್ದಾರೆ. ಬಿಡಬೇಡಿ, ನಾಳೆ ಮೊಳೆ ಎಲ್ಲಿ ಹೊಡೆಯಬಾರದು ಅನ್ನುವುದೇ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಎಡವಟ್ಟು ಹೇಳುತ್ತೇನೆ. ಹಾಲಿಗೂ ರೂಮಿಗೂ ನಡುವೆ ಇರುವುದು ನಾಲ್ಕೂವರೆ ಇಂಚಿನ ಗೋಡೆ. ಹಾಲಿನ ಕಡೆ ಟಿವಿ ಬೋರ್ಡು, ರೂಮಿನ ಕಡೆ ಮಂಚದ ಪಕ್ಕದ ಬೋರ್ಡು. ಎರಡಕ್ಕೂ ಬೇರೆ ಬೇರೆ ದಿನ ಗುರುತು ಹಾಕಿದ್ದೆವು, ಯಾರೂ ಸೇರಿಸಿ ನೋಡಲಿಲ್ಲ. ಬಾಕ್ಸಿನ ಆಳ ಸುಮಾರು 2 ಇಂಚು, ಗುಂಡಿ ಇನ್ನೂ ಸ್ವಲ್ಪ ಆಳ. ಎರಡೂ ಕಡೆ ಕೆತ್ತಿದ ಮೇಲೆ ನಡುವೆ ಉಳಿದದ್ದು ಬಿಸ್ಕತ್ತಿನಷ್ಟು ಇಟ್ಟಿಗೆ. ಒಂದೇ ಪೆಟ್ಟಿಗೆ ಹಾಲಿನಿಂದ ರೂಮು ಕಂಡಿತು. "ಸಾರ್, ಕಿಟಕಿ ಫ್ರೀ" ಅಂತ ಮೇಸ್ತ್ರಿ ನಕ್ಕರು. ಮುಚ್ಚಲು ಅರ್ಧ ದಿನ ಹೋಯಿತು. ಸಣ್ಣ ಗೋಡೆಯ ಎರಡೂ ಬದಿಗೆ ಬೋರ್ಡು ಬರುವುದಾದರೆ ನಡುವೆ ಒಂದಡಿಯಾದರೂ ಅಂತರ ಬಿಡಿ.

ಈಗ ಮೆಟಲ್ಲೋ ಪಿವಿಸಿಯೋ?

ಮೆಟಲ್ ಅಂದರೆ ಸತು ಲೇಪಿಸಿದ ಕಬ್ಬಿಣದ ಬಾಕ್ಸು, ಅಂಗಡಿಯಲ್ಲಿ ಜಿಐ ಬಾಕ್ಸ್ ಅಂತಾರೆ. ಅದರ ದೊಡ್ಡ ಗುಣ ಆಕಾರ ಕೆಡದಿರುವುದು. ಗುಂಡಿ ಬಿಗಿಯಾಗಿದ್ದರೂ, ಮೇಸ್ತ್ರಿ ಕರಣೆಯ ಹಿಡಿಯಿಂದ ಎರಡು ಏಟು ಹಾಕಿದರೂ ಚೌಕ ಚೌಕವಾಗಿಯೇ ಇರುತ್ತದೆ. ಸ್ಕ್ರೂ ಮರೆಯೂ (ಸ್ಕ್ರೂ ತಿರುಗಿ ಕೂರುವ ತೂತು) ಲೋಹದ್ದೇ, ನಾಲ್ಕು ಸಲ ಬಿಚ್ಚಿ ಹಾಕಿದರೂ ಸವೆಯುವುದಿಲ್ಲ.

ಪಿವಿಸಿ ಬಾಕ್ಸಿಗೆ ತುಕ್ಕಿನ ಭಯ ಇಲ್ಲ, ಪೈಪು ಕೂರಿಸುವುದು ಸುಲಭ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಅವಸರಕ್ಕೂ ಅದಕ್ಕೂ ಆಗಿಬರುವುದಿಲ್ಲ. ಸಣ್ಣ ಗುಂಡಿಯೊಳಗೆ ಒತ್ತಿ ತುರುಕಿದರೆ ಉದ್ದದ ಬಾಕ್ಸಿನ ನಡು ಒಳಕ್ಕೆ ಬಾಗುತ್ತದೆ. ಗಾರೆ ಗಟ್ಟಿಯಾದ ಮೇಲೆ ನೋಡಿದರೆ ಸ್ವಿಚ್ಚು ಕೂರುವ ಮುಂದಿನ ಪ್ಲೇಟಿನ ಚೌಕಟ್ಟು ಒಳಗೆ ಹೋಗುವುದೇ ಇಲ್ಲ. ಆಗ ಬಾಕ್ಸಿನ ಬದಿ ಕೆರೆಯುತ್ತಾ ಕೂರಬೇಕು. ಗಾರೆ ಹಾಕುವ ಮುಂಚೆ ಒಳಗೆ ಅಳತೆಗೆ ಕತ್ತರಿಸಿದ ಪ್ಲೈವುಡ್ ತುಂಡು ಇಡಿ, ಗಟ್ಟಿಯಾದ ಮೇಲೆ ತೆಗೆಯಿರಿ. ಸ್ಕ್ರೂವನ್ನು ಡ್ರಿಲ್ ಮೆಷಿನ್ನಿನಿಂದ ಬಿಗಿಯಲು ಬಿಡಬೇಡಿ, ಪ್ಲಾಸ್ಟಿಕ್ ಮರೆ ಸವೆದರೆ ಪ್ಲೇಟು ಜನ್ಮಪೂರ್ತಿ ಅಲ್ಲಾಡುತ್ತದೆ.

ಹಾಗಾದರೆ ಮೆಟಲ್ಲೇ ಅಲ್ವಾ ಅನ್ನಬೇಡಿ, ಎರಡು ಷರತ್ತಿವೆ. ಒಂದು, ಅರ್ಥಿಂಗ್. ಮೆಟಲ್ ಬಾಕ್ಸಿನೊಳಗೆ ಎಲ್ಲೋ ವೈರಿನ ಸಿಪ್ಪೆ ಹರಿದು ತಾಮ್ರ ತಾಗಿದರೆ ಬಾಕ್ಸಿಗೇ ಕರೆಂಟು. ಅದಕ್ಕೆ ಹಸಿರು ವೈರು ಸಾಕೆಟ್ಟಿಗೆ ಹೋದರೆ ಸಾಲದು, ಬಾಕ್ಸಿಗೂ ಸ್ಕ್ರೂ ಹಾಕಿ ಕೂಡಿಸಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ, ಯಾಕೆಂದರೆ ಪ್ಲೇಟು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಪ್ಲೇಟು ಮುಚ್ಚುವ ಮುಂಚೆ ಒಂದೊಂದನ್ನೂ ನೀವೇ ನೋಡಿ. ಪಿವಿಸಿ ಬಾಕ್ಸಿಗೆ ಈ ಕೆಲಸ ಇಲ್ಲ, ಆದರೆ ಸಾಕೆಟ್ಟಿಗೆ ಅರ್ಥ್ ವೈರು ಅಲ್ಲೂ ಬೇಕೇ ಬೇಕು. ಎರಡು, ತೇವ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗೆ ನೆನೆಯುವ ಹೊರಗೋಡೆಯಲ್ಲಿ, ಎಲ್ಲೂರಿನ ಬಚ್ಚಲುಮನೆ ಗೋಡೆಯಲ್ಲಿ ಪಿವಿಸಿಯೇ ವಾಸಿ. ಜಿಐ ಬಾಕ್ಸಿನ ಕತ್ತರಿಸಿದ ಅಂಚಿನಿಂದ ತುಕ್ಕು ಶುರುವಾಗಿ ಸ್ಕ್ರೂ ಮರೆಗೆ ಬರುತ್ತದೆ.

ಮೈಸೂರಿನ ಒಣ ಹವೆಗೆ ನಾವು ಒಳಗೋಡೆಗೆಲ್ಲ ಮೆಟಲ್, ಬಚ್ಚಲುಮನೆ ಹೊರಗಿನ ಗೋಡೆಗೆ, ಹಿತ್ತಲಿಗೆ ಪಿವಿಸಿ ಹಾಕಿಸಿದೆವು. ಎರಡನ್ನೂ ಬೆರೆಸಬಾರದು ಅಂತ ಎಲ್ಲೂ ಇಲ್ಲ.

ಎಷ್ಟು ದೊಡ್ಡದು?

ಬಾಕ್ಸನ್ನು ಮಾಡ್ಯೂಲ್ ಲೆಕ್ಕದಲ್ಲಿ ಮಾರುತ್ತಾರೆ: 2, 3, 4, 6, 8, 12, 18. ಒಂದು ಸ್ವಿಚ್ಚಿಗೆ ಒಂದು ಮಾಡ್ಯೂಲ್, ಸಾಕೆಟ್ಟಿಗೆ ಎರಡು, ಫ್ಯಾನ್ ರೆಗ್ಯುಲೇಟರಿಗೆ ಒಂದೋ ಎರಡೋ. ನಾಲ್ಕು ಸ್ವಿಚ್ಚು, ಎರಡು ಮಾಡ್ಯೂಲಿನ ಒಂದು ರೆಗ್ಯುಲೇಟರ್, ಒಂದು ಸಾಕೆಟ್ ಅಂದರೆ 8. ಆದರೆ 8 ಮಾಡ್ಯೂಲಿನಲ್ಲಿ ಉದ್ದದ್ದು ಬೇರೆ, ಚೌಕದ್ದು ಬೇರೆ. ನಾನು ಫೋನಿನಲ್ಲಿ ಬರೀ "ಎಂಟರದ್ದು ಆರು ಕಳಿಸಿ" ಅಂದೆ. ಬಾಕ್ಸು ಚೌಕದ್ದು ಬಂತು, ಪ್ಲೇಟು ಉದ್ದದ್ದು ಬಂತು. ಕಂಪನಿಯಿಂದ ಕಂಪನಿಗೆ ಸ್ಕ್ರೂ ತೂತಿನ ಜಾಗವೂ ಸ್ವಲ್ಪ ಸ್ವಲ್ಪ ಬೇರೆ. ಪ್ಲೇಟು ಯಾವ ಕಂಪನಿಯದ್ದು ಅಂತ ತೀರ್ಮಾನಿಸಿ, ಅದರ ಒಂದು ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡೇ ಬಾಕ್ಸ್ ತನ್ನಿ.

ಲೆಕ್ಕಕ್ಕಿಂತ ಒಂದು ಅಳತೆ ದೊಡ್ಡದು ಹಾಕಿಸಿ, ಖಾಲಿ ಉಳಿದದ್ದಕ್ಕೆ ಡಮ್ಮಿ ಹಾಕಿ. ಮುಂದೆ ಒಂದು ಸ್ವಿಚ್ ಜಾಸ್ತಿ ಬೇಕಾದರೆ ಗೋಡೆ ಮತ್ತೆ ಒಡೆಯುವುದು ತಪ್ಪುತ್ತದೆ. ಗೀಸರ್ ಪಾಯಿಂಟಿಗೆ 16 ಆಂಪಿನ ಸಾಕೆಟ್ ಬೇಕು. 3000 ವಾಟಿನ ಗೀಸರ್ 13 ಆಂಪ್ ಎಳೆಯುತ್ತದೆ. ಅದಕ್ಕೆ ಹೋಗುವ ದಪ್ಪ ವೈರು ಬಾಗಲು ಬಾಕ್ಸಿನಲ್ಲಿ ಜಾಗ ಬೇಕಲ್ಲ, ಆಳ ಕಡಿಮೆಯ ಬಾಕ್ಸ್ ಅಲ್ಲಿಗೆ ಬೇಡ. ಗೋಡೆಯೊಳಗಿನ ಪೈಪಿಗೆ ಐಎಸ್ 9537 ಅಂತ, ವೈರಿಗೆ ಐಎಸ್ 694 ಅಂತ ಅಚ್ಚಿರುತ್ತದೆ, ನೋಡಿಕೊಳ್ಳಿ. ಹಾಗೇ ಹಳೇ ಪಿಂಗಾಣಿ ಫ್ಯೂಸಿನ ಜಾಗಕ್ಕೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಮತ್ತು ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೇ ಸಲ ಹಾಕಿಸಿಬಿಡಿ. ಆ ಕೆಲಸ ಲೈಸೆನ್ಸ್ ಇರುವವರ ಕೈಯಲ್ಲೇ ಆಗಲಿ.

ಜಾಗದ ವಿಷಯದಲ್ಲಿ ಅಡುಗೆಮನೆಯವರ ಮಾತೇ ಕೊನೆ. "ಮಿಕ್ಸಿ ವೈರು ಒಲೆ ಮೇಲೆ ದಾಟಬಾರದು ಕಣೋ" ಅಂತ ಅಮ್ಮ ಹೇಳಿದ್ದಕ್ಕೆ ಒಂದು ಬಾಕ್ಸು ನಾಲ್ಕಡಿ ಎಡಕ್ಕೆ ಹೋಯಿತು. ಎಲೆಕ್ಟ್ರಿಷಿಯನ್‌ಗೆ ಅದು ಹೊಳೆದಿರಲಿಲ್ಲ, ನನಗೂ ಇಲ್ಲ.

ಗಾರೆಯೋ, ಪಿಒಪಿಯೋ?

ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಹತ್ತು ನಿಮಿಷದಲ್ಲಿ ಕಚ್ಚುತ್ತದೆ. ಅದಕ್ಕೇ ಅವಸರದವರಿಗೆ ಅದು ಪ್ರೀತಿ. ಆದರೆ ತೇವ ಹೀರಿದರೆ ಮೆತ್ತಗಾಗುತ್ತದೆ, ಕಬ್ಬಿಣಕ್ಕೆ ತುಕ್ಕು ತರುತ್ತದೆ. ಮೆಟಲ್ ಬಾಕ್ಸಿನ ಸುತ್ತ ಪೂರ್ತಿ ಪಿಒಪಿ ಮೆತ್ತುವುದು ನನಗಂತೂ ಒಪ್ಪಿಗೆಯಿಲ್ಲ. ಒಣ ರೂಮಿನ ಪಿವಿಸಿ ಬಾಕ್ಸನ್ನು ಅಲುಗದಂತೆ ಹಿಡಿಯಲು ನಾಲ್ಕು ಮೂಲೆಗೆ ಒಂದೊಂದು ಮುದ್ದೆ ಹಾಕಬಹುದು, ಉಳಿದದ್ದನ್ನು ಸಿಮೆಂಟ್ ಗಾರೆಯಲ್ಲೇ ತುಂಬಬೇಕು. ಒಂದಕ್ಕೆ ಮೂರು ಮರಳು ಸಾಕು. ಮುಚ್ಚಿದ ಗಾಡಿಯ ಮೇಲೆ ಕೋಳಿಬಲೆ ಹೊಡೆದು ಸಾರಣೆ ಮಾಡಿಸಿದರೆ ಪೈಪಿನ ಉದ್ದಕ್ಕೂ ಬಿರುಕು ಬರುವುದು ಕಡಿಮೆಯಾಗುತ್ತದೆ. ಬಲೆ ಹೊಡೆಯಲು ಒಂದು ಮಧ್ಯಾಹ್ನ ಹಿಡಿಯುತ್ತದೆ, "ಟೈಮಿಲ್ಲ ಸಾರ್" ಅಂತಾರೆ, ಪಟ್ಟು ಬಿಡಬೇಡಿ.

ಗಾರೆಗೆ ಮುಂಚೆ ಬಾಕ್ಸಿನೊಳಗೆ ಹಳೇ ಪೇಪರ್ ತುರುಕಿ, ಸ್ಕ್ರೂ ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿ ಹಳೇ ಸ್ಕ್ರೂ ಹಾಕಿಡಿ. ಇಲ್ಲದಿದ್ದರೆ ಆಮೇಲೆ ಮರೆಯೊಳಗಿನ ಸಿಮೆಂಟನ್ನು ಮೊಳೆಯಿಂದ ಕೆದಕುವ ಕೆಲಸ.

ಬಾಕ್ಸಿನ ಬಾಯಿ ಎಲ್ಲಿರಬೇಕು?

ಯಾವ ಬಾಕ್ಸ್ ಆರಿಸಿದರೂ ಇದೊಂದು ತಪ್ಪಿದರೆ ಕಷ್ಟ. ಬಾಕ್ಸಿನ ಬಾಯಿ ಈಗಿನ ಗೋಡೆಯ ಮಟ್ಟಕ್ಕಲ್ಲ, ಎಲ್ಲ ಮುಗಿದ ಮೇಲಿನ ಗೋಡೆಯ ಮಟ್ಟಕ್ಕೆ ಇರಬೇಕು. ಸಾರಣೆ ಕೆತ್ತಿ ಹೊಸದು ಮಾಡುತ್ತಿದ್ದರೆ ಅರ್ಧ ಇಂಚು ಸೇರಿಸಿ. ಅಡುಗೆಮನೆಗೆ ಟೈಲ್ಸ್ ಬರುವುದಿದ್ದರೆ ಟೈಲ್ಸಿನ ದಪ್ಪ, ಅದರ ಹಿಂದಿನ ಗಾರೆ ಎರಡನ್ನೂ ಸೇರಿಸಿ. ಟೈಲ್ಸಿನವರು ಬರುವ ಮುಂಚೆ ಬಾಕ್ಸ್ ಕೂರಿಸುವುದಾದರೆ ಅವರ ಒಂದು ಟೈಲ್ ತರಿಸಿ ಗೋಡೆಗೆ ಹಿಡಿದು ನೋಡಿ.

ತಪ್ಪುವುದೇ ಆದರೆ ಒಳಗೆ ತಪ್ಪಲಿ. ಬಾಕ್ಸು ಒಂದೆರಡು ಮಿಲಿಮೀಟರ್ ಒಳಗೆ ಹೋದರೆ ಅಂಗಡಿಯಲ್ಲಿ ಉದ್ದದ ಸ್ಕ್ರೂ ಸಿಗುತ್ತದೆ, ಪ್ಲೇಟು ಗೋಡೆಗೆ ಅಂಟಿಕೊಂಡು ಕೂರುತ್ತದೆ. ಹೊರಗೆ ಬಂದರೆ ಯಾವ ಸ್ಕ್ರೂವೂ ಇಲ್ಲ, ಮತ್ತೆ ಉಳಿಯೇ. ಹಾಗೇ ಪ್ರತಿ ಬಾಕ್ಸಿಗೂ ರಸಮಟ್ಟ ಇಟ್ಟು ನೋಡಿ. ಒಂದು ರೂಮಿನ ಬೋರ್ಡುಗಳೆಲ್ಲ ಒಂದೇ ಎತ್ತರಕ್ಕೆ ಬರಲು ನೆಲದಿಂದ ಅಳೆಯಬೇಡಿ, ಹಳೇ ನೆಲ ಮಟ್ಟಸವಾಗಿರುವುದಿಲ್ಲ. ನೀರಿನ ಟ್ಯೂಬಿನಿಂದ ಗೋಡೆ ಸುತ್ತ ಒಂದು ಗೆರೆ ಹಾಕಿಸಿ, ಅದರಿಂದ ಅಳೆಯಿರಿ. ನಮ್ಮಲ್ಲಿ ದೇವರ ಮನೆ ಪಕ್ಕದ ಬೋರ್ಡು ಮಾತ್ರ ಸ್ವಲ್ಪ ವಾಲಿದೆ. ರಾತ್ರಿ ಹತ್ತು ಗಂಟೆಗೆ ಕೂರಿಸಿದ್ದು ಅದು.

ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆ ಟೇಪು ಕಾಣುವಂತೆ. ಚಪ್ಪರದ ಹಿಂದಿನ ದಿನ ಹೂವಿನ ಅಲಂಕಾರದ ಹುಡುಗರು ಹಾಲಿನ ಗೋಡೆಗೆ ಮೊಳೆ ಹಿಡಿದು ನಿಂತರು, ಸರಿಯಾಗಿ ಟಿವಿ ಬೋರ್ಡಿನ ನೆತ್ತಿಯ ಮೇಲೆ. ನಾನು ಫೋನ್ ತೆಗೆದು ಫೋಟೋ ತೋರಿಸಿದೆ. "ಓ, ಇಲ್ಲಿ ಪೈಪಾ" ಅಂತ ಮೊಳೆಯನ್ನು ಒಂದು ಗೇಣು ಪಕ್ಕಕ್ಕೆ ಹೊಡೆದರು.